ಮೀನಿಗೆ ಕೈ ಹಾಕುವ ಮೊದಲು: ನಿಯಮ ಬರೆಯುವವರಿಗೂ ಮೀನು ಸಾಕುವವರಿಗೂ ಒಂದು ಬಹಿರಂಗ ಪತ್ರ

ಮೀನು ಸಾಕಣೆಗೆ ನಿಯಮ ಬರೆಯುವ ಅಧಿಕಾರಿಗಳೇ, ಹ್ಯಾಚರಿ ಮತ್ತು ಫಾರ್ಮ್ ನಡೆಸುವವರೇ,

ನಮಸ್ಕಾರ.

ನಾನು ಕೇಳುತ್ತಿರುವುದು ಇಷ್ಟೇ. ಸಾಕಿದ ಮೀನಿಗೆ ಸೂಜಿ ಚುಚ್ಚುವಾಗ, ಟ್ಯಾಗ್ ಹಾಕುವಾಗ, ತಾಯಿ ಮೀನಿನ ಹೊಟ್ಟೆ ಒತ್ತಿ ಮೊಟ್ಟೆ ತೆಗೆಯುವಾಗ ಅರಿವಳಿಕೆ ಕೊಡುವುದು ಕೆಲಸದ ಮಾಮೂಲಿ ಭಾಗವಾಗಬೇಕು. ಅದಕ್ಕೆ ಬೇಕಾದ ಮದ್ದು ಕಾನೂನಿನ ಪ್ರಕಾರವೇ ಕೈಗೆ ಸಿಗಬೇಕು. ಹೇಗೆ ಬಳಸಬೇಕು ಅನ್ನುವುದು ತೊಟ್ಟಿಯ ಪಕ್ಕ ನಿಂತಿರುವ ಮನುಷ್ಯನಿಗೆ ಅರ್ಥವಾಗುವ ಹಾಗೆ ಬರೆದಿರಬೇಕು.

ಇದು ಯಾರೋ ನಾಲ್ಕು ಜನ ಪ್ರಾಣಿಪ್ರಿಯರ ಚಿಂತೆ ಅಂತ ಪತ್ರವನ್ನು ಬದಿಗಿಡಬೇಡಿ. 2022ರಲ್ಲಿ ಜಗತ್ತಿನ ಸಾಕಣೆ ಕೇಂದ್ರಗಳಿಂದ ಬಂದ ಮೀನು, ಸಿಗಡಿ, ಚಿಪ್ಪುಜೀವಿಗಳ ತೂಕ ಸುಮಾರು 9 ಕೋಟಿ 44 ಲಕ್ಷ ಟನ್. ಕಡಲು, ಹೊಳೆ, ಕೆರೆಗಳಲ್ಲಿ ಹಿಡಿದದ್ದಕ್ಕಿಂತ ಸಾಕಿದ್ದೇ ಜಾಸ್ತಿ ಆದದ್ದು ಅದೇ ಮೊದಲು. ಹೀಗೆ ಸಾಕಿದ ಮೀನುಗಳಲ್ಲಿ ಹೆಚ್ಚಿನವು ಮಾರಾಟಕ್ಕೆ ಹೋಗುವ ಮೊದಲು ಒಂದಲ್ಲ ಒಂದು ಸಲ ಬಲೆಗೆ, ತಕ್ಕಡಿಗೆ, ಮನುಷ್ಯನ ಕೈಗೆ ಬಂದೇ ಬರುತ್ತವೆ.

ಹಾಗೆ ಕೈಗೆ ಬಂದಾಗ ಮೀನಿಗೆ ಆಗುವುದೇನು? ಕಿವಿರಿನ ತೆಳುವಾದ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಗಾಳಿಗೆ ಬಂದ ಕೂಡಲೇ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುತ್ತಲೂ ಬೇಕಾದಷ್ಟು ಆಮ್ಲಜನಕ ಇದ್ದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಮೀನು ಬಾಲ ಬಡಿಯುತ್ತದೆ, ಬಡಿದಷ್ಟೂ ಅದರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಅಡ್ರಿನಾಲಿನ್ ಕ್ಷಣದಲ್ಲೇ ರಕ್ತಕ್ಕೆ ನುಗ್ಗುತ್ತದೆ. ಸ್ವಲ್ಪ ತಡವಾಗಿ, ಮೂತ್ರಪಿಂಡದ ತಲೆಭಾಗದಲ್ಲಿರುವ ಜೀವಕೋಶಗಳು ಒತ್ತಡದ ಹಾರ್ಮೋನ್ ಆದ ಕಾರ್ಟಿಸೋಲ್ ಬಿಡಲು ಶುರು ಮಾಡುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಸಿಹಿನೀರಿನ ಮೀನಾದರೆ ಕಿವಿರಿನ ಮೂಲಕ ದೇಹದ ಉಪ್ಪಿನಂಶ ಹೊರಗೆ ಹೋಗಿ ನೀರು ಒಳಗೆ ಬರುತ್ತದೆ. ಕಡಲ ಮೀನಿಗೆ ಇದರ ಉಲ್ಟಾ.

ನಾವು ನೋಡುವುದು ಮೀನು ಒದ್ದಾಡಿದ್ದು, ಆಮೇಲೆ ತೊಟ್ಟಿಗೆ ಬಿಟ್ಟಾಗ ಈಜಿಕೊಂಡು ಹೋದದ್ದು ಅಷ್ಟೇ. ಈಜಿತಲ್ಲ, ಸರಿಹೋಯಿತು ಅಂದುಕೊಳ್ಳುತ್ತೇವೆ. ಒಳಗಿನ ಲೆಕ್ಕ ಸರಿಹೋಗಲು ಗಂಟೆಗಟ್ಟಲೆ ಬೇಕು, ಕೆಲವೊಮ್ಮೆ ದಿನವೂ ದಾಟುತ್ತದೆ. ಅಷ್ಟು ಹೊತ್ತು ಅದು ಮೇವು ಮುಟ್ಟದೆ ಇರಬಹುದು. ಇದೇ ಪದೇ ಪದೇ ಆದರೆ ಬೆಳವಣಿಗೆ ಕುಂಠಿತವಾಗುತ್ತದೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ, ತಾಯಿ ಮೀನುಗಳ ಮೊಟ್ಟೆಯ ಗುಣಮಟ್ಟವೂ ಕೆಡುತ್ತದೆ. ಇದರ ಜೊತೆಗೆ ಮೈಮೇಲಿನ ಲೋಳೆಯ ವಿಷಯ ಇದೆ. ಒಣ ಕೈಯಲ್ಲಿ ಹಿಡಿದರೆ, ಗಂಟುಗಂಟಾದ ಒರಟು ಬಲೆಯಲ್ಲಿ ಎತ್ತಿದರೆ ಆ ಲೋಳೆ ಕಿತ್ತುಬರುತ್ತದೆ, ಹುರುಪೆ ಉದುರುತ್ತದೆ. ಕೆಲವು ದಿನಗಳ ನಂತರ ಸರಿಯಾಗಿ ಅದೇ ಜಾಗದಲ್ಲಿ ಬಿಳಿ ಬೂಸ್ಟು ಕಾಣಿಸಿಕೊಳ್ಳುತ್ತದೆ. ನೀರು ಕೆಟ್ಟಿತ್ತು ಅಂತ ನಾವು ನೀರಿನ ಮೇಲೆ ಹಾಕುತ್ತೇವೆ!

1992ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ಹೇಳಲೇಬೇಕು. ರೇನ್‌ಬೋ ಟ್ರೌಟ್ ಮೀನುಗಳನ್ನು ಸುಸ್ತಾಗುವವರೆಗೆ ಓಡಾಡಿಸಿದರು. ಗಾಳಿಗೆ ಎತ್ತದೆ ಹಾಗೆಯೇ ಬಿಟ್ಟವುಗಳಲ್ಲಿ ಶೇ. 12ರಷ್ಟು 12 ಗಂಟೆಯೊಳಗೆ ಸತ್ತವು. 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇ. 38. ಒಂದು ನಿಮಿಷ ಹಿಡಿದವುಗಳಲ್ಲಿ ಶೇ. 72. ಗಾಳದಲ್ಲಿ ಹಿಡಿದು ಮತ್ತೆ ನೀರಿಗೆ ಬಿಡುವ ಮೀನಿನ ಸ್ಥಿತಿ ತಿಳಿಯಲು ಮಾಡಿದ ಪ್ರಯೋಗ ಅದು, ಫಾರ್ಮಿನ ಮೀನಿಗೆ ಇದೇ ಅಂಕಿ ಅನ್ವಯಿಸುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಕೊಳಕ್ಕೆ ಬಲೆ ಎಳೆದು, ಮೂಲೆಗೆ ಸೇರಿಸಿ, ಅರ್ಧ ಗಂಟೆ ಒತ್ತೊತ್ತಾಗಿ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಎತ್ತಿ ತೂಗುವ ನಮ್ಮ ಪದ್ಧತಿಯಲ್ಲೂ ಮೀನು ಮೊದಲು ಸುಸ್ತಾಗಿ ಆಮೇಲೆ ಗಾಳಿಗೆ ಬರುತ್ತದೆ, ಅಲ್ವಾ?

ಅರಿವಳಿಕೆ ಕೆಲಸಕ್ಕೆ ಬರುವುದು ಇಲ್ಲಿ. ಮೀನು ಒದ್ದಾಡುವುದಿಲ್ಲ. ಹಿಡಿಯಲು ಒತ್ತಬೇಕಾಗಿಲ್ಲ, ಜಾರಿ ನೆಲಕ್ಕೆ ಬೀಳುವುದಿಲ್ಲ, ಸೂಜಿ ತಪ್ಪಿ ಕರುಳಿಗೆ ಹೋಗುವುದು ಕಡಿಮೆ. ಕೆಲಸ ಮಾಡುವವನ ಬೆರಳಿಗೆ ಚುಚ್ಚಿಕೊಳ್ಳುವುದೂ ಕಡಿಮೆ. ಒಂದು ಮೀನಿಗೆ ಹಿಡಿಯುವ ಸಮಯ ಇಳಿಯುತ್ತದೆ.

ನಾರ್ವೆಯ ಸಾಲ್ಮನ್ ಸಾಕಣೆ ಇದಕ್ಕೆ ಒಳ್ಳೆಯ ಉದಾಹರಣೆ. 1987ರಲ್ಲಿ ಅಲ್ಲಿ ಮೀನಿಗೆ ಸುರಿಯುತ್ತಿದ್ದ ಆ್ಯಂಟಿಬಯೋಟಿಕ್ ಸುಮಾರು 50 ಟನ್. ಆಮೇಲೆ ಸಾಕಣೆ ಎಷ್ಟೋ ಪಟ್ಟು ಬೆಳೆಯಿತು, ಆ್ಯಂಟಿಬಯೋಟಿಕ್ ಮಾತ್ರ ಒಂದು ಟನ್‌ಗಿಂತ ಕೆಳಗೆ ಇಳಿಯಿತು. ಮುಖ್ಯ ಕಾರಣ ಲಸಿಕೆ. ಆ ಲಸಿಕೆಯನ್ನು ಪ್ರತಿ ಮರಿಯ ಹೊಟ್ಟೆಗೂ ಸೂಜಿಯಿಂದಲೇ ಕೊಡಬೇಕು. ಒದ್ದಾಡುವ ಲಕ್ಷಾಂತರ ಮರಿಗಳಿಗೆ ಅದು ಆಗುವ ಮಾತೇ? ಮರಿಗಳಿಗೆ ಮೊದಲು ಅರಿವಳಿಕೆ, ಆಮೇಲೆ ಸೂಜಿ. ಆ್ಯಂಟಿಬಯೋಟಿಕ್ ಕಡಿಮೆ ಮಾಡಿ ಅಂತ ಸುತ್ತೋಲೆ ಕಳಿಸುವ ಅಧಿಕಾರಿಗಳು ಈ ಒಂದು ಕೊಂಡಿಯನ್ನು ಮರೆಯಬಾರದು ಅಂತ ನನ್ನ ಕೋರಿಕೆ.

ಮದ್ದುಗಳ ವಿಷಯಕ್ಕೆ ಬರೋಣ. ಹೆಚ್ಚು ಬಳಕೆಯಲ್ಲಿರುವುದು ಟ್ರೈಕೇನ್, ಎಂ.ಎಸ್. 222 ಅಂತಲೂ ಕರೆಯುತ್ತಾರೆ. ಬಿಳಿ ಪುಡಿ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಇದರ ತೊಂದರೆ ಏನೆಂದರೆ ಕರಗಿದ ನೀರು ಹುಳಿಯಾಗುತ್ತದೆ. ಮೆದು ನೀರಾದರೆ ಪಿ.ಎಚ್. ಧಡಕ್ಕನೆ ಇಳಿಯುತ್ತದೆ. ಆ ಹುಳಿ ಕಿವಿರಿಗೆ, ಚರ್ಮಕ್ಕೆ ಉರಿ. ಅದಕ್ಕೇ ಪುಡಿಯ ತೂಕದ ಸುಮಾರು ಎರಡರಷ್ಟು ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಪಿ.ಎಚ್. ಸರಿ ಮಾಡುತ್ತಾರೆ. ಬೆರೆಸಿದ ಮೇಲೆ ಪಿ.ಎಚ್. ತೋರಿಸುವ ಕಾಗದದ ಪಟ್ಟಿ ಅದ್ದಿ ನೋಡಲು ಅರ್ಧ ನಿಮಿಷ ಸಾಕು. ಅಷ್ಟನ್ನೂ ಮಾಡದೆ ಮೀನನ್ನು ಹುಳಿ ನೀರಿಗೆ ಹಾಕಿ, ಅದು ಎಗರಾಡಿದಾಗ "ಮದ್ದು ಹಿಡಿಯುತ್ತಿದೆ" ಅನ್ನುವವರಿದ್ದಾರೆ.

ಇನ್ನೊಂದು ಲವಂಗದ ಎಣ್ಣೆ. ಹಲ್ಲಿನ ಡಾಕ್ಟರುಗಳೂ ಬಳಸುವ ಯೂಜಿನಾಲ್ ಇದರ ಜೀವಾಳ. ಸುಲಭವಾಗಿ ಸಿಗುತ್ತದೆ ಅನ್ನುವುದೇ ಇದರ ಬಲ, ಅದೇ ಇದರ ಅಪಾಯ ಕೂಡ. ಇದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಸುಮ್ನೆ ಸುರಿದರೆ ಬೆರೆಯದೆ ಹನಿಹನಿಯಾಗಿಯೇ ಉಳಿಯುತ್ತದೆ, ಮೀನು ಬಾಯಿ ತೆರೆದ ಕಡೆ ಕಿವಿರಿಗೆ ಅಂಟುತ್ತದೆ. ಮೊದಲು ಎಥೆನಾಲ್‌ನಲ್ಲಿ, ಸಾಮಾನ್ಯವಾಗಿ ಒಂದು ಪಾಲಿಗೆ ಒಂಬತ್ತು ಪಾಲು, ಬೆರೆಸಿಕೊಂಡು ಆಮೇಲೆ ನೀರಿಗೆ ಹಾಕಿ ಚೆನ್ನಾಗಿ ಕಲಕಬೇಕು. ಇಷ್ಟಾದರೂ ಒಂದು ಬಾಟಲಿಯ ಎಣ್ಣೆಯಲ್ಲಿ ಇರುವಷ್ಟು ಯೂಜಿನಾಲ್ ಇನ್ನೊಂದರಲ್ಲಿ ಇರುವುದಿಲ್ಲ. ಹೋದ ಸಲ ಸರಿಹೋದ ಅಳತೆ ಈ ಸಲ ಮೀನು ಕೊಲ್ಲಬಹುದು.

ಬೆಂಜೊಕೇನ್, ಫಿನಾಕ್ಸಿಎಥೆನಾಲ್, ಮೆಟೊಮಿಡೇಟ್ ಇವೆಲ್ಲ ಬಳಕೆಯಲ್ಲಿವೆ, ಒಂದೊಂದಕ್ಕೂ ಅದರದೇ ಸ್ವಭಾವ. ಮೆಟೊಮಿಡೇಟ್ ಬಗ್ಗೆ ಮಾತ್ರ ಒಂದು ಮಾತು. ಅದು ದೇಹದಲ್ಲಿ ಕಾರ್ಟಿಸೋಲ್ ತಯಾರಾಗುವುದನ್ನೇ ತಡೆಯುತ್ತದೆ. ಹಾಗಾಗಿ ರಕ್ತ ತೆಗೆದು ಪರೀಕ್ಷೆ ಮಾಡಿದರೆ ವರದಿ ಸೊಗಸಾಗಿ ಬರುತ್ತದೆ. ಕಾರ್ಟಿಸೋಲ್ ಏರಲಿಲ್ಲ ಅಂದ ಮಾತ್ರಕ್ಕೆ ಮೀನಿಗೆ ಏನೂ ಆಗಲಿಲ್ಲ ಅಂತಲ್ಲ. ಯಾವ ಮದ್ದಿಗೆ ಅನುಮತಿ ಕೊಡಬೇಕು ಅಂತ ತೀರ್ಮಾನಿಸುವ ಸಮಿತಿಗಳು ಈ ಒಂದೇ ಅಂಕಿ ನೋಡಿ ಸಹಿ ಹಾಕಬಾರದು.

ಇಂಗಾಲದ ಡೈಆಕ್ಸೈಡ್ ಅನಿಲವನ್ನು ನೀರಿಗೆ ಬಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅಗ್ಗ, ಮಾಂಸದಲ್ಲಿ ಏನೂ ಉಳಿಯುವುದಿಲ್ಲ, ನಿಜ. ಆದರೆ ಮೀನು ಪ್ರಜ್ಞೆ ತಪ್ಪುವ ಮೊದಲು ತಲೆ ಕೊಡವಿ, ಎಗರಿ, ತೊಟ್ಟಿಯಿಂದ ಹೊರಗೆ ಹಾರಲು ನೋಡುತ್ತದೆ. ಒತ್ತಡ ತಗ್ಗಿಸುವುದಕ್ಕೆ ಇನ್ನೂ ದೊಡ್ಡ ಒತ್ತಡ ಕೊಡುವುದು ಯಾವ ನ್ಯಾಯ? ಐಸ್ ನೀರಿನಲ್ಲಿ ಮುಳುಗಿಸುವುದೂ ಅಷ್ಟೇ. ಚಳಿಗೆ ಮರಗಟ್ಟಿದ ಮೀನು ಅಲುಗಾಡುವುದಿಲ್ಲ, ಆದರೆ ಅಲುಗಾಡದೇ ಇರುವುದನ್ನೆಲ್ಲ ಅರಿವಳಿಕೆ ಅಂತ ಕರೆಯಲಾಗದು.

ಈಗ ಟಬ್ಬಿನ ಪಕ್ಕಕ್ಕೆ ಬನ್ನಿ. ನಿಯಮ ಬರೆಯುವವರು ಒಮ್ಮೆಯಾದರೂ ಇದನ್ನು ನಿಂತು ನೋಡಬೇಕು. ಮೀನುಗಳಿಗೆ ಹಿಂದಿನ ದಿನವೇ ಮೇವು ನಿಲ್ಲಿಸಿರುತ್ತಾರೆ, ಇಲ್ಲದಿದ್ದರೆ ಅವು ತಿಂದದ್ದು ಕಾರಿ ನೀರು ಕೆಡುತ್ತದೆ. ಎರಡು ಟಬ್. ಒಂದರಲ್ಲಿ ಮದ್ದಿನ ನೀರು, ಇನ್ನೊಂದರಲ್ಲಿ ಸ್ವಚ್ಛ ನೀರು. ಎರಡೂ ಮೀನು ಇದ್ದ ಕೊಳದ ನೀರೇ, ಬಿಸಿ ತಂಪು ಒಂದೇ, ಎರಡರಲ್ಲೂ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಗುಳುಗುಳು ಅನ್ನುತ್ತಿರುತ್ತದೆ. ಮೀನು ಮದ್ದಿನ ನೀರಿಗೆ ಇಳಿದ ಮೇಲೆ ಮೊದಲು ಈಜು ನಿಧಾನವಾಗುತ್ತದೆ. ಆಮೇಲೆ ಓಲಾಡುತ್ತದೆ, ಮಗ್ಗುಲಿಗೆ ವಾಲುತ್ತದೆ, ನೆಟ್ಟಗಾಗಲು ಪ್ರಯತ್ನಿಸಿ ಬಿಟ್ಟುಬಿಡುತ್ತದೆ. ಬಾಲದ ಬುಡ ಹಿಸುಕಿದರೂ ಅದು ಅಲುಗದಿದ್ದರೆ ಕೆಲಸಕ್ಕೆ ಸಿದ್ಧ ಅಂತ ಅರ್ಥ. ಇಷ್ಟೂ ಸುಮಾರು ಮೂರು ನಿಮಿಷದೊಳಗೆ ಆಗಬೇಕು. ಕಣ್ಣು ನೆಡಬೇಕಾದದ್ದು ಕಿವಿರು ಮುಚ್ಚಳದ ಮೇಲೆ. ಅದು ನಿಧಾನವಾಗಿಯಾದರೂ ಒಂದೇ ತಾಳದಲ್ಲಿ ತೆರೆದು ಮುಚ್ಚುತ್ತಿದ್ದರೆ ಸರಿ. ನಿಂತು ನಿಂತು ಹೋಗುತ್ತಿದೆ, ಮಧ್ಯೆ ಒಮ್ಮೆ ಬಾಯಿ ಅಗಲವಾಗಿ ತೆರೆಯಿತು ಅಂದರೆ ಕೈಯಲ್ಲಿರುವ ಕೆಲಸ ಅಲ್ಲೇ ಬಿಟ್ಟು ಮೀನನ್ನು ಸ್ವಚ್ಛ ನೀರಿಗೆ ಒಯ್ಯಬೇಕು, ಬಾಯಿಯ ಮೂಲಕ ಕಿವಿರಿಗೆ ನೀರು ಹರಿಯುವಂತೆ ಹಿಡಿಯಬೇಕು. ಸರಿಯಾದ ಅಳತೆಯಲ್ಲಿ ಕೊಟ್ಟಿದ್ದರೆ ಐದು ನಿಮಿಷದೊಳಗೆ ಅದು ನೆಟ್ಟಗೆ ಈಜಬೇಕು.

ನೋಡಲು ಸುಲಭ. ಆದರೆ ಟಬ್ಬಿನ ಪಕ್ಕ ಸೂಜಿ ಹಿಡಿದವನೊಬ್ಬ, ಕಿವಿರು ನೋಡುವವನು ಇನ್ನೊಬ್ಬ ಇರಬೇಕು. ಎರಡೂ ಕೆಲಸ ಒಬ್ಬನಿಗೇ ಹೊರಿಸಿದರೆ ಕಿವಿರು ಯಾರೂ ನೋಡುವುದಿಲ್ಲ.

ಅಳತೆ ಎಷ್ಟು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಟ್ರೈಕೇನ್ ಆದರೆ ಒಂದು ಲೀಟರಿಗೆ 50ರಿಂದ 100 ಮಿಲಿಗ್ರಾಂ ಅಂತ ಪುಸ್ತಕಗಳಲ್ಲಿ ಇರುತ್ತದೆ. ನೀರು ಬೆಚ್ಚಗಿದ್ದರೆ ಮದ್ದು ಬೇಗ ಹಿಡಿಯುತ್ತದೆ. ಜಾತಿ, ಗಾತ್ರ, ನೀರಿನ ಗಡಸುತನ ಎಲ್ಲದಕ್ಕೂ ತಕ್ಕಂತೆ ಬದಲಾಗುತ್ತದೆ. ಮೇಲೆ ಬಂದು ಗಾಳಿ ಗುಟುಕರಿಸುವ ಬೆಕ್ಕುಮೀನಿನ ಜಾತಿಗಳಿಗೆ ಕಿವಿರೊಂದನ್ನೇ ನಂಬಿದ ಟ್ರೌಟ್‌ನ ಲೆಕ್ಕ ಹೊಂದುವುದಿಲ್ಲ. ಅದಕ್ಕೇ ಅನುಭವಸ್ಥರು ಮೊದಲು ಎರಡು ಮೂರು ಮೀನು ಬಿಟ್ಟು ನೋಡುತ್ತಾರೆ, ಅವು ಚೇತರಿಸಿಕೊಂಡ ಮೇಲೆಯೇ ಉಳಿದವನ್ನು ಬಿಡುತ್ತಾರೆ. ಈ ಒಂದು ಸಾಲು ನಿಯಮದಲ್ಲಿ ಇರಲೇಬೇಕು.

ಸಾಗಾಣಿಕೆಗೆ ಬೇರೆಯೇ ಲೆಕ್ಕ. ಅಲ್ಲಿ ಬೇಕಾದದ್ದು ತೆಳುವಾದ ಮಂಪರು ಅಷ್ಟೇ: ಮೀನು ಶಾಂತವಾಗಿರಬೇಕು, ಆದರೆ ನೆಟ್ಟಗೆ ಈಜುತ್ತಿರಬೇಕು. ಆಗ ಆಮ್ಲಜನಕ ಕಡಿಮೆ ಖರ್ಚಾಗುತ್ತದೆ, ಅಮೋನಿಯಾ ಕಡಿಮೆ ಸೇರುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಟ್ಯಾಂಕಿಗೆ ಹಾಕಿದರೆ ತಳಕ್ಕೆ ಬಿದ್ದು ಒಂದರ ಮೇಲೊಂದು ಪೇರಿಕೊಳ್ಳುತ್ತವೆ, ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಸಿಹಿನೀರಿನ ಮೀನುಗಳಿಗಾದರೆ ಎಷ್ಟೋ ಸಲ ಮದ್ದೇ ಬೇಡ. ಲೀಟರಿಗೆ ಐದಾರು ಗ್ರಾಂ ಉಪ್ಪು, ಒಳ್ಳೆಯ ಗಾಳಿ, ಕಡಿಮೆ ಮೀನು ಸಾಕಾಗುತ್ತದೆ.

ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಅರಿವಳಿಕೆಯ ಮದ್ದೂ ಮೀನಿಗೆ ಒಂದು ಒತ್ತಡವೇ. ಜೀಬ್ರಾ ಮೀನಿಗೆ ಆಯ್ಕೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ, ಟ್ರೈಕೇನ್ ಸೇರಿ ಹಲವು ಮದ್ದುಗಳು ಇರುವ ನೀರಿನಿಂದ ಅವು ದೂರ ಹೋದವು. ಅಂದರೆ ಮದ್ದಿನ ಟಬ್ಬಿಗೆ ಇಳಿಯುವುದೇ ಅವಕ್ಕೆ ಇಷ್ಟವಿಲ್ಲ. ಹಾಗಾಗಿ ಕೈ ಹಾಕುವುದೇ ಬೇಡದ ಕಡೆ ಮದ್ದೂ ಬೇಡ. ನೀರಿನೊಳಗೇ ಗಾತ್ರ ಬೇರ್ಪಡಿಸುವ ಸರಳುಪಟ್ಟಿ, ಮೀನನ್ನು ನೀರಿನ ಜೊತೆಗೇ ಸಾಗಿಸುವ ಪಂಪು, ಕ್ಯಾಮೆರಾದಿಂದ ತೂಕ ಅಂದಾಜು ಮಾಡುವ ಉಪಕರಣ ಇವೆಲ್ಲ ಬಂದಿವೆ. ಐದು ಸಲ ಬಲೆ ಎಳೆಯುವ ಕಡೆ ಎರಡು ಸಲ ಎಳೆದರೆ ಯಾವ ಮದ್ದಿಗಿಂತಲೂ ಜಾಸ್ತಿ ಉಪಕಾರ. ನನ್ನ ಭಯ ಇಷ್ಟೇ: ಮದ್ದು ಸಿಗುತ್ತದೆ ಅಂತ ಆದ ಮೇಲೆ, ಹೇಗೂ ಅದಕ್ಕೆ ಪ್ರಜ್ಞೆ ಇಲ್ಲವಲ್ಲ ಅಂತ ಮೀನನ್ನು ಬಿಸಿಲಿನ ಮೇಜಿನ ಮೇಲೆ ಸಾಲಾಗಿ ಮಲಗಿಸುವವರು ಹುಟ್ಟಿಕೊಳ್ಳುತ್ತಾರೆ. ಪ್ರಜ್ಞೆ ಇಲ್ಲದಿದ್ದರೂ ಕಿವಿರು ಒಣಗುತ್ತದೆ, ಲೋಳೆ ಕಿತ್ತುಬರುತ್ತದೆ.

ಮೀನಿಗೆ ನೋವು ಗೊತ್ತಾಗುತ್ತದೆಯೇ ಅಂತ ಕೇಳುವವರಿಗೆ ಉದ್ದ ಉತ್ತರ ಕೊಡುವುದಿಲ್ಲ. 2003ರಲ್ಲಿ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಜೊತೆಗಾರರು ಟ್ರೌಟ್ ಮೀನಿನ ಮುಖದಲ್ಲಿ ನೋವು ಗುರುತಿಸುವ ನರತುದಿಗಳನ್ನು ತೋರಿಸಿಕೊಟ್ಟರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ಮೇವು ಬಿಟ್ಟವು, ತುಟಿಯನ್ನು ತೊಟ್ಟಿಯ ಕಲ್ಲಿಗೆ ಉಜ್ಜಿದವು. ಮೀನಿನ ಅನುಭವ ನಮ್ಮದರಂತೆಯೇ ಇದೆಯೇ ಅನ್ನುವ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆಯುತ್ತಿದೆ. ಆ ವಾದ ಮುಗಿಯುವವರೆಗೆ ಕಾಯುವ ಅಗತ್ಯ ನನಗೆ ಕಾಣುವುದಿಲ್ಲ.

ತಿನ್ನುವವರ ಪ್ರಶ್ನೆ ಬೇರೆ, ಅದು ನ್ಯಾಯವಾದದ್ದು: ಮದ್ದು ಮಾಂಸದಲ್ಲಿ ಉಳಿಯುವುದಿಲ್ಲವೇ? ಇದಕ್ಕೆ ಕಾಯುವ ಅವಧಿ ಅಂತ ಇದೆ, ಅಂದರೆ ಮದ್ದು ಕೊಟ್ಟ ಮೇಲೆ ಮೀನನ್ನು ತಿನ್ನಲು ಬಿಡುವ ಮೊದಲು ಕಾಯಬೇಕಾದ ದಿನಗಳು. ಟ್ರೈಕೇನ್ ಬಳಸಿದ ಮೇಲೆ ಅಮೆರಿಕದಲ್ಲಿ 21 ದಿನ ಕಾಯಬೇಕು. ಬ್ರಿಟನ್ನಿನಲ್ಲಿ 70 ಡಿಗ್ರಿ-ದಿನ, ಅಂದರೆ ನೀರು 10 ಡಿಗ್ರಿ ಇದ್ದರೆ ಏಳು ದಿನ. ಯೂಜಿನಾಲ್‌ನ ಹತ್ತಿರದ ಬಂಧು ಐಸೊಯೂಜಿನಾಲ್‌ನಿಂದ ಮಾಡಿದ ಮದ್ದಿಗೆ ನ್ಯೂಜಿಲೆಂಡ್‌ನಲ್ಲಿ ಕಾಯುವ ಅವಧಿಯೇ ಇಲ್ಲ. ಅದೇ ಹೊತ್ತಿಗೆ ಅಮೆರಿಕದಲ್ಲಿ ಆಹಾರ, ಔಷಧಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಲವಂಗದ ಎಣ್ಣೆಯಲ್ಲಿರುವ ಐಸೊಯೂಜಿನಾಲ್ ಮತ್ತು ಮೀಥೈಲ್ ಯೂಜಿನಾಲ್ ಬಗ್ಗೆ ಸಂಶಯ ಇಟ್ಟುಕೊಂಡು, ತಿನ್ನುವ ಮೀನಿಗೆ ಆ ಎಣ್ಣೆ ಬೇಡ ಅಂತ ಹೇಳಿದೆ. ಒಂದೇ ಮದ್ದಿಗೆ ದೇಶಕ್ಕೊಂದು ನ್ಯಾಯ. ಪ್ರತಿ ದೇಶವೂ ತನ್ನ ನೀರಿನ ಶಾಖ, ತನ್ನ ಮೀನಿನ ಜಾತಿ ನೋಡಿ ಅಳೆದು ತೀರ್ಮಾನಿಸಲಿ, ತಕರಾರಿಲ್ಲ. ತಕರಾರು ಇರುವುದು ಏನೂ ತೀರ್ಮಾನಿಸದೆ ಕೂರುವುದರ ಬಗ್ಗೆ. ಒಪ್ಪಿಗೆ ಪಡೆದ ಮದ್ದು ಒಂದೂ ಇಲ್ಲದ ಕಡೆ ಸಾಕುವವನು ಏನು ಮಾಡುತ್ತಾನೆ? ಒಂದೋ ಮದ್ದೇ ಇಲ್ಲದೆ ಚುಚ್ಚುತ್ತಾನೆ, ಇಲ್ಲವೇ ಲೇಬಲ್ ಇಲ್ಲದ ಬಾಟಲಿಯಿಂದ ಕಣ್ಣಳತೆಯಲ್ಲಿ ಸುರಿಯುತ್ತಾನೆ. ಬಾಯಿಬಿಟ್ಟು ಹೇಳುವುದಿಲ್ಲ, ಪುಸ್ತಕದಲ್ಲಿ ಬರೆಯುವುದಿಲ್ಲ. ಕಾಯುವ ಅವಧಿ ಪಾಲಿಸಿದನೇ ಅಂತ ಕೇಳಲು ನಿಮಗೂ ದಾರಿ ಇರುವುದಿಲ್ಲ. ತಿನ್ನುವವರನ್ನು ಕಾಪಾಡಲು ಅಂತ ಬಿಗಿ ಮಾಡಿದ್ದು ತಿನ್ನುವವರಿಗೇ ಮುಳುವಾಗುತ್ತದೆ.

ಅಧಿಕಾರಿಗಳೇ, ಹಾಗಾಗಿ ತಿನ್ನುವ ಮೀನಿಗೆ ಬಳಸಬಹುದಾದ ಒಂದಾದರೂ ಮದ್ದಿಗೆ ಒಪ್ಪಿಗೆ ಕೊಡಿ, ಕಾಯುವ ಅವಧಿಯನ್ನು ಬಾಟಲಿಯ ಮೇಲೆಯೇ ಅಚ್ಚು ಹಾಕಿಸಿ. ತಾಯಿ ಮೀನು ಮತ್ತು ಮರಿಗಳ ವಿಷಯದಲ್ಲಿ ಅಷ್ಟು ತಡವೂ ಬೇಕಿಲ್ಲ, ಅವು ತಟ್ಟೆಗೆ ಬರಲು ತಿಂಗಳುಗಟ್ಟಲೆ ಇರುತ್ತದೆ. ಶುರು ಅಲ್ಲಿಂದಲೇ ಆಗಲಿ. ಪುಡಿಯ ಬದಲು ಸಿದ್ಧ ದ್ರಾವಣ ಸಿಗುವಂತಾದರೆ ಅರ್ಧ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ, ಯಾಕೆಂದರೆ ಗ್ರಾಂನ ಲೆಕ್ಕದಲ್ಲಿ ತೂಗುವ ತಕ್ಕಡಿ ಎಲ್ಲ ಫಾರ್ಮಿನಲ್ಲೂ ಇರುವುದಿಲ್ಲ. ಚುಚ್ಚುವುದು, ಕತ್ತರಿಸುವುದು, ಮೊಟ್ಟೆ ಹಿಂಡುವುದು ಇಷ್ಟಕ್ಕೆ ಕಡ್ಡಾಯ ಮಾಡಿ. ತೂಕ ನೋಡುವುದಕ್ಕೂ ಕಡ್ಡಾಯ ಮಾಡಿದರೆ ಯಾರೂ ಪಾಲಿಸುವುದಿಲ್ಲ, ಪಾಲಿಸುವ ಅಗತ್ಯವೂ ಇಲ್ಲ. ಕೆಲಸಗಾರರಿಗೆ ಕೈಗವಸು ಕೊಡಿಸುವುದನ್ನೂ ಸೇರಿಸಿ. ಟ್ರೈಕೇನ್ ನೀರಿನಲ್ಲಿ ವರ್ಷಗಟ್ಟಲೆ ಬರಿಗೈ ಅದ್ದಿದ ವಿಜ್ಞಾನಿಯೊಬ್ಬರ ಕಣ್ಣಿನ ರೆಟಿನಾ ದುರ್ಬಲವಾಗಿ, ಬಿಟ್ಟ ಮೇಲೆ ಚೇತರಿಸಿಕೊಂಡದ್ದು ವೈದ್ಯಕೀಯ ವರದಿಯಲ್ಲೇ ದಾಖಲಾಗಿದೆ.

ಸಾಕುವವರೇ, ನಿಮ್ಮಲ್ಲಿ ಕೇಳುವುದು ಒಂದು ನೋಟ್‌ಬುಕ್. ಯಾವ ದಿನ, ಯಾವ ಮದ್ದು, ಲೀಟರಿಗೆ ಎಷ್ಟು, ನೀರಿನ ಶಾಖ ಎಷ್ಟು, ಮೀನು ಮಗ್ಗುಲಾಗಲು ಎಷ್ಟು ನಿಮಿಷ, ಎದ್ದು ಈಜಲು ಎಷ್ಟು ನಿಮಿಷ, ಮರುದಿನ ಎಷ್ಟು ಸತ್ತವು, ಮೇವು ಯಾವಾಗ ಮುಟ್ಟಿದವು. ಬೇರೆಯವರ ಪುಸ್ತಕದ ಅಳತೆಗಿಂತ ನಿಮ್ಮ ಕೊಳದ ಒಂದು ವರ್ಷದ ಈ ಲೆಕ್ಕವೇ ನಿಮಗೆ ಉಪಯೋಗಕ್ಕೆ ಬರುತ್ತದೆ. ನಾಳೆ ಇಲಾಖೆಯವರು ಒಪ್ಪಿಗೆ ಕೊಡಲು ದಾಖಲೆ ಎಲ್ಲಿದೆ ಅಂತ ಕೇಳಿದರೆ ಮುಂದಿಡಲೂ ಇದೇ ಬೇಕು. ಮದ್ದಿನ ನೀರನ್ನು ಮಾತ್ರ ಹೊಳೆಗೋ ಕೆರೆಗೋ ಚೆಲ್ಲಬೇಡಿ. ಅದನ್ನು ಎಲ್ಲಿ ವಿಲೇವಾರಿ ಮಾಡಬೇಕು ಅನ್ನುವುದನ್ನೂ, ಅಧಿಕಾರಿಗಳೇ, ನೀವೇ ನಿಯಮದಲ್ಲಿ ಬರೆದುಕೊಡಬೇಕು.

ಇಂತಿ,
ಮೀನು ಸಾಕಣೆಯಲ್ಲಿ ಕೆಲಸ ಮಾಡುವ ಒಬ್ಬ